ಪೆನ್‌ಡ್ರೈವ್ ಹತ್ತಿದ ಶಾರ್ಟ್‌ಕಟ್: ವಿಂಡೋಸ್, ಮ್ಯಾಕ್, ಮಿಂಟ್ ಮೂರನ್ನೂ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಲಿನಕ್ಸ್ ಮಿಂಟ್‌ಗೆ, ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಅದು. ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ. ಟೈಪಿಂಗ್, ಸ್ಕ್ಯಾನಿಂಗ್, ಪ್ರಿಂಟ್, ಇಷ್ಟೇ ಕೆಲಸ. ಹತ್ತು ವರ್ಷ ವಿಂಡೋಸ್ ಮೇಲೇ ನಡೆಸಿದೆ. ಹೋದ ವರ್ಷ ಒಂದು ಶಾರ್ಟ್‌ಕಟ್ ಮಾಡಿದ ಕಿತಾಪತಿಗೆ ಬೇಸತ್ತು, 9,000 ರೂಪಾಯಿಗೆ ಹಳೇ ಕಂಪ್ಯೂಟರ್ ತಂದು ಮಿಂಟ್ ಹಾಕಿಸಿದೆ. ನಡುವೆ ಎರಡು ವಾರ ಅಳಿಯನ ಮ್ಯಾಕ್‌ಬುಕ್ ಕೂಡ ಕೈಯಲ್ಲಿತ್ತು.

ಆಗಿದ್ದಿಷ್ಟು. ಬೀದರ್‌ನ ಹುಡುಗಿಯೊಬ್ಬಳ ಪ್ರಾಜೆಕ್ಟ್ ರಿಪೋರ್ಟ್ ಟೈಪ್ ಮಾಡಿದ್ದೆ, 80 ಪುಟ. ಫೈಲು ಡಿ ಡ್ರೈವ್‌ನಲ್ಲಿ, ನಾಲ್ಕು ಫೋಲ್ಡರ್ ದಾಟಿದ ಮೇಲೆ ಇತ್ತು. ದಿನಾ ಅಷ್ಟು ಒಳಗೆ ಯಾರು ಹೋಗುತ್ತಾರೆ ಅಂತ ಡೆಸ್ಕ್‌ಟಾಪ್ ಮೇಲೆ ಶಾರ್ಟ್‌ಕಟ್ ಇಟ್ಟುಕೊಂಡಿದ್ದೆ. ಆಕೆ ಪೆನ್‌ಡ್ರೈವ್ ಕೊಟ್ಟು, ಟ್ರೇನಿಗೆ ಹೊತ್ತಾಯ್ತು ಅಂದಳು. ಕಣ್ಣೆದುರಿಗಿದ್ದದ್ದನ್ನೇ ರೈಟ್ ಕ್ಲಿಕ್ ಮಾಡಿ ಕಳಿಸಿದೆ. ಕ್ಷಣದಲ್ಲಿ ಕಾಪಿ ಆಯಿತು. ಆಗಲೇ ಅನುಮಾನ ಬರಬೇಕಿತ್ತು. ಪೆನ್‌ಡ್ರೈವ್ ಹತ್ತಿದ್ದು ರಿಪೋರ್ಟ್ ಅಲ್ಲ, ಅದರ ವಿಳಾಸ ಬರೆದ ಒಂದೆರಡು ಕೆಬಿ ಚೀಟಿ.

ಮರುದಿನ ನಾನು ಆಳಂದದಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ಫೋನ್ ಬಂತು. "ಅಣ್ಣಾ, ಫೈಲ್ ಓಪನೇ ಆಗವಲ್ದು ನೋಡ್ರಿ." ಬೀದರ್‌ನ ಯಾವುದೋ ಅಂಗಡಿಯಲ್ಲಿ ಕ್ಲಿಕ್ ಮಾಡಿದಾಗ ವಿಂಡೋಸ್, ಇದು ತೋರಿಸುವ ಫೈಲು ಸಿಗುತ್ತಿಲ್ಲ, ಈ ಶಾರ್ಟ್‌ಕಟ್ ಡಿಲೀಟ್ ಮಾಡಲೇ ಅಂತ ಕೇಳಿದೆ. ಅಲ್ಲಿದ್ದ ಹುಡುಗ 'ಯೆಸ್' ಒತ್ತಿದ್ದಾನೆ. ಆಮೇಲೆ, "ಪೆನ್‌ಡ್ರೈವ್ ಖಾಲಿ ಅದ" ಅಂದಿದ್ದಾನೆ! ಎಲೆ ಬಿಟ್ಟು ಎದ್ದೆ. ಸುಮಾರು 40 ಕಿ.ಮೀ. ಬೈಕ್ ಓಡಿಸಿ ಬಂದು, ಶಟರ್ ಎತ್ತಿ, ಫೈಲು ಮೇಲ್ ಮಾಡಿದೆ.

ತಪ್ಪು ನನ್ನದೂ ಇದೆ, ಇಲ್ಲ ಅನ್ನಲ್ಲ. ಐಕಾನ್ ಮೂಲೆಯಲ್ಲಿ ಸಣ್ಣ ಬಾಣ ಇರುತ್ತದೆ. ಆದರೆ ಇದನ್ನು ಕೇಳಿ. ಎಲ್ಲ ಫೈಲಿನ ಎಕ್ಸ್‌ಟೆನ್ಷನ್, ಅಂದರೆ ಯಾವ ಬಗೆಯ ಫೈಲು ಅಂತ ಹೇಳುವ ಹೆಸರಿನ ಕೊನೆಯ ಅಕ್ಷರಗಳು, ಕಾಣುವ ಹಾಗೆ ನಾನು ಸೆಟ್ಟಿಂಗ್ ಮಾಡಿಕೊಂಡಿದ್ದೆ. ಪಿಡಿಎಫ್ ಕಾಣುತ್ತದೆ, ಡಾಕ್ಸ್ ಕಾಣುತ್ತದೆ. ಶಾರ್ಟ್‌ಕಟ್‌ನ ಎಲ್‌ಎನ್‌ಕೆ ಮಾತ್ರ ಆಗಲೂ ಕಾಣಲ್ಲ. ಹೆಸರಿನ ಕೊನೆಗೆ ವಿಂಡೋಸ್ ಅಂಟಿಸುವ 'ಶಾರ್ಟ್‌ಕಟ್' ಅನ್ನೋ ಬಾಲವನ್ನು ಅಳಿಸಿದಿರೋ, ಮುಗಿಯಿತು. ಹೆಸರಿನಲ್ಲಿ ಅಸಲಿಗೂ ಚೀಟಿಗೂ ವ್ಯತ್ಯಾಸವೇ ಇರಲ್ಲ. ಬಾಲ ಅಳಿಸಿದವನು ನಾನೇ, ಅಂದ ಕಾಣಲಿ ಅಂತ.

ಮ್ಯಾಕ್‌ನಲ್ಲಿ ಇದಕ್ಕೆ ಅಲಿಯಾಸ್ ಅನ್ನುತ್ತಾರೆ. 1991ರಲ್ಲೇ ಬಂದಿತ್ತು. ವಿಂಡೋಸ್‌ಗೆ ಶಾರ್ಟ್‌ಕಟ್ ಬಂದದ್ದು 1995ರಲ್ಲಿ. ಅಲಿಯಾಸ್ ಬರೀ ದಾರಿಯನ್ನಲ್ಲ, ಫೈಲಿನ ಗುರುತನ್ನೂ ಇಟ್ಟುಕೊಳ್ಳುತ್ತದೆ. ಫೈಲಿನ ಹೆಸರು ಬದಲಿಸಿದೆ, ಬೇರೆ ಫೋಲ್ಡರ್‌ಗೆ ಹಾಕಿದೆ. ಹಸುವಿನ ಹಿಂದೆ ಕರು ಬಂದ ಹಾಗೆ ಬಂತು. ಆದರೆ ಪೆನ್‌ಡ್ರೈವ್‌ಗೆ ಎಳೆದಾಗ ಅದೂ ಸುಮ್ನೆ ಚೀಟಿಯನ್ನೇ ಕಳಿಸಿತು, ಒಂದು ಮಾತೂ ಹೇಳಲಿಲ್ಲ. ಬೆಲೆ ಬೇರೆ ನನ್ನ ಅಂಗಡಿಗೆ ಆಗುವಂಥದ್ದಲ್ಲ.

ಮಿಂಟ್‌ನಲ್ಲಿ ಶಾರ್ಟ್‌ಕಟ್‌ಗೆ ಲಿಂಕ್ ಅನ್ನುತ್ತಾರೆ. ಅದೇ ಪೆನ್‌ಡ್ರೈವ್ ಹಾಕಿ ಲಿಂಕ್ ಎಳೆದೆ. ಎರರ್ ಬಂತು. ಈ ಫೈಲ್ ಸಿಸ್ಟಂನಲ್ಲಿ, ಅಂದರೆ ಪೆನ್‌ಡ್ರೈವ್‌ನಲ್ಲಿ ಫೈಲು ಜೋಡಿಸಿಡುವ ಪದ್ಧತಿಯಲ್ಲಿ, ಇಂಥ ಲಿಂಕ್ ನಡೆಯಲ್ಲ ಅಂತ. ಇದೇನು ಮಿಂಟ್‌ನ ಜಾಣತನ ಅಲ್ಲ. ನಮ್ಮ ಗಿರಾಕಿಗಳ ಪೆನ್‌ಡ್ರೈವ್‌ಗಳು ಹೆಚ್ಚಾಗಿ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಪದ್ಧತಿಯವು. ಅವುಗಳಲ್ಲಿ ಲಿನಕ್ಸ್ ಲಿಂಕ್ ಇಡಲು ಜಾಗವೇ ಇಲ್ಲ. ಇರಲಿ, ನನ್ನ ಕೈ ನಿಂತಿತಲ್ವಾ? ಲಿಂಕ್ ಬೇಕೋ ಫೈಲು ಬೇಕೋ ಅಂತ ಕೇಳಿದ್ದರೆ ಇನ್ನೂ ಚೆನ್ನಾಗಿತ್ತು. ಮೂರರಲ್ಲಿ ಒಂದೂ ಕೇಳಲ್ಲ.

ಮಿಂಟ್‌ನ ಹುಳುಕೂ ಹೇಳಬೇಕು. ಅದರ ಲಿಂಕ್‌ಗೆ ಗೊತ್ತಿರುವುದು ದಾರಿ ಮಾತ್ರ. ನಮ್ಮೂರ ಹೆಸರು 2014ರ ನವೆಂಬರ್ 1ಕ್ಕೇ ಬದಲಾದರೂ ನನ್ನ ಹಳೇ ಫೋಲ್ಡರ್ ಗುಲ್ಬರ್ಗಾ ಅಂತಲೇ ಉಳಿದಿತ್ತು. ಒಂದು ದಿನ ಉಮೇದಿನಲ್ಲಿ ಕಲಬುರಗಿ ಅಂತ ಮಾಡಿದೆ. ಏಳು ಲಿಂಕ್ ಒಟ್ಟಿಗೆ ಸತ್ತವು. ವಿಂಡೋಸ್ ಆದರೆ, ಅದೇ ಡಿಸ್ಕ್‌ನಲ್ಲಿದ್ದರೆ, ಸಾಮಾನ್ಯವಾಗಿ ಹುಡುಕಿ ಹಿಡಿಯುತ್ತದೆ. ಆಮೇಲೆ ಉಪಾಯ ಹೊಳೆಯಿತು. ಕಲಬುರಗಿ ಫೋಲ್ಡರ್‌ಗೆ ಒಂದು ಲಿಂಕ್ ಮಾಡಿ, ಹಳೇ ಜಾಗದಲ್ಲಿಟ್ಟು, ಅದಕ್ಕೆ ಗುಲ್ಬರ್ಗಾ ಅಂತ ಹೆಸರಿಟ್ಟೆ. ಏಳೂ ಎದ್ದು ಕೂತವು. ಗುಲ್ಬರ್ಗಾ ಅಂತ ಕೇಳಿಕೊಂಡು ಬಂದವರೂ ಕಲಬುರಗಿಗೇ ತಾನೆ ಬಂದಿಳಿಯೋದು?

ಶಾರ್ಟ್‌ಕಟ್ ಅಳಿಸಿದರೆ ಅಸಲಿ ಫೈಲಿಗೆ ಏನೂ ಆಗಲ್ಲ. ಇದು ಮೂರರಲ್ಲೂ ಒಂದೇ.

ಮಿಂಟ್‌ನಲ್ಲಿ ಲಿಂಕ್ ಮೂಲಕ ಫೋಲ್ಡರ್ ಒಳಗೆ ಹೋಗಿ ಮೇಲಿನ ಬಾಣ ಒತ್ತಿದರೆ ವಾಪಸ್ ಡೆಸ್ಕ್‌ಟಾಪ್‌ಗೇ ಬರುತ್ತೇನೆ. ವಿಂಡೋಸ್ ಡಿ ಡ್ರೈವ್‌ನ ಹೊಟ್ಟೆಯೊಳಗೆ ಬಿಡುತ್ತದೆ. ಹೋದ ಬಾಗಿಲಿಂದಲೇ ಹೊರಗೆ ಬರೋದು ನನಗೆ ಇಷ್ಟ.

ಗಿರಾಕಿಗಳ ಪೆನ್‌ಡ್ರೈವ್‌ನಲ್ಲಿ ಬರುವ ಶಾರ್ಟ್‌ಕಟ್ ವೈರಸ್ ನಿಮಗೂ ಗೊತ್ತಿರುತ್ತದೆ. ಅಸಲಿ ಫೈಲು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಕೂರಿಸುತ್ತದೆ. ಮಿಂಟ್‌ನಲ್ಲಿ ಆ ಅಡಗಿಸಿದ ಫೈಲುಗಳು ಬಯಲಲ್ಲೇ ಕಾಣುತ್ತವೆ. ನನ್ನಂಥ ಅಂಗಡಿಗೆ ಇದೊಂದೇ ಸಾಕು.

ದುಡ್ಡಿದ್ದು, ದಿನಾ ಫೋಲ್ಡರ್ ಹೆಸರು ಬದಲಿಸುವ ಚಟ ಇದ್ದರೆ ಮ್ಯಾಕ್ ತಗೊಳ್ಳಿ. ನನ್ನದು ಹತ್ತು ಜನ ಕೌಂಟರ್ ಮುಂದೆ ನಿಂತಾಗ ಗಡಿಬಿಡಿಯಲ್ಲಿ ಪೆನ್‌ಡ್ರೈವ್ ತುಂಬುವ ಕೆಲಸ. ವಿಂಡೋಸ್ ಕಂಪ್ಯೂಟರನ್ನು ಮಾರಿಲ್ಲ, ಸ್ಕ್ಯಾನರ್‌ಗೆ ಅದು ಬೇಕು. ಅದರ ಡೆಸ್ಕ್‌ಟಾಪ್ ಮೇಲೆ ಈಗ ಒಂದೂ ಶಾರ್ಟ್‌ಕಟ್ ಇಲ್ಲ. ರೀಸೈಕಲ್ ಬಿನ್ ಒಂದೇ ಕೂತಿದೆ.