ಹೊಸ ಬೈಕಿನ ಬಣ್ಣದಲ್ಲಿ ದೋಷ ಕಂಡರೆ, ದಾಖಲಿಸುವ ಮುನ್ನ ಪಾಲಿಶ್ ಮಾಡಲು ಒಪ್ಪಬೇಡಿ

ಹೊಸ ಬೈಕು ಮನೆಗೆ ಬಂದ ಮೂರನೆಯ ದಿನ ಬೆಳಿಗ್ಗೆ ಅದರ ಧೂಳು ಒರೆಸುತ್ತಿದ್ದಾಗ (ಒಣಬಟ್ಟೆಯಲ್ಲಿ ಒರೆಸುವುದೇ ತಪ್ಪೆಂದು ಆಮೇಲೆ ತಿಳಿಯಿತು, ಆ ಮಾತು ಬೇರೆ) ಪೆಟ್ರೋಲ್ ಟ್ಯಾಂಕಿನ ಎಡಬದಿಯಲ್ಲಿ ಬಟ್ಟೆ ಯಾವುದಕ್ಕೋ ತೊಡರಿದಂತಾಯಿತು. ಬಗ್ಗಿ ನೋಡಿದರೆ, ಗುಂಡುಸೂಜಿಯ ತಲೆಯಷ್ಟು ಅಗಲದ ಏಳು ಕುಳಿಗಳು ಒಂದೇ ಕಡೆ ಗುಂಪುಗೂಡಿದ್ದವು. ಪ್ರತಿಯೊಂದರ ಸುತ್ತಲೂ ನುಣುಪಾಗಿ ಉಬ್ಬಿದ ಅಂಚು, ನಡುವೆ ಮಸುಕಾದ ಚುಕ್ಕೆ. ಉಗುರು ಆಡಿಸಿದರೆ ತಡೆಯುತ್ತಿತ್ತು. ಅದರ ಕೆಳಗೆ, ಸ್ಟಿಕ್ಕರಿನ ಅಂಚಿನಲ್ಲಿ, ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟಿನಡಿ ಒಂದು ಗಾಳಿಗುಳ್ಳೆಯೂ ಇತ್ತು.

ಈ ಕುಳಿಗಳಿಗೆ ಪೇಂಟರುಗಳು ‘ಫಿಶ್ ಐ’ ಎನ್ನುತ್ತಾರೆ. ಬಣ್ಣ ಸಿಂಪಡಿಸುವ ಹೊತ್ತಿಗೆ ಮೇಲ್ಮೈಯಲ್ಲಿ ಎಣ್ಣೆಯ ಅಥವಾ ಸಿಲಿಕೋನಿನ ಸಣ್ಣ ಕಣ ಉಳಿದಿದ್ದರೆ, ಹಸಿ ಬಣ್ಣ ಆ ಜಾಗಕ್ಕೆ ಅಂಟದೆ ಸುತ್ತಲೂ ಹಿಂದೆ ಸರಿದು ಹಾಗೆಯೇ ಒಣಗುತ್ತದೆ. ಕಲ್ಲು ಸಿಡಿದು ಆದ ಗಾಯವಾದರೆ ಅಂಚು ಚೂಪಾಗಿ ಒಡೆದಿರುತ್ತದೆ, ಬಣ್ಣದ ಚೂರು ಎದ್ದು ಹೋಗಿರುತ್ತದೆ. ಬಣ್ಣ ಹಸಿಯಿದ್ದಾಗಲೇ ಹುಟ್ಟಿದ ಕುಳಿಯ ಅಂಚು ಮಾತ್ರ ದುಂಡಗಿರುತ್ತದೆ. ಅಂದರೆ, ದೋಷ ಕಾರ್ಖಾನೆಯದೇ ಹೊರತು ನನ್ನ ಬಳಕೆಯದಲ್ಲ ಎಂಬುದಕ್ಕೆ ಇದ್ದ ಏಕೈಕ ಸಾಕ್ಷಿ ಆ ದುಂಡಗಿನ ಅಂಚು. ಆ ಸಾಕ್ಷಿಯನ್ನು ನಾನೇ ಮುಂದೆ ನಿಂತು ಅಳಿಸಿಹಾಕಿಸಿದೆ.

ಮೊದಲ ತಪ್ಪು ಬೈಕು ಪಡೆಯುವ ದಿನವೇ ಆಗಿತ್ತು. ಸಂಜೆಯ ಹೊತ್ತು, ಆಗತಾನೆ ತೊಳೆದು ನಿಲ್ಲಿಸಿದ ಬೈಕಿನ ಮೇಲೆ ಇನ್ನೂ ನೀರಿನ ಹನಿಗಳಿದ್ದವು, ಮೇಲೆ ಶೋರೂಮಿನ ಪ್ರಖರ ದೀಪಗಳು. ನೀರಿನ ಪೊರೆ ಸಣ್ಣ ಕುಳಿ, ಗೀರುಗಳನ್ನು ತುಂಬಿ ಮುಚ್ಚಿಬಿಡುತ್ತದೆ. ‘ವಾಹನವನ್ನು ಸುಸ್ಥಿತಿಯಲ್ಲಿ ಸ್ವೀಕರಿಸಿದ್ದೇನೆ’ ಎಂಬ ಹಾಳೆಗೆ ನಾನು ಒಂದು ಸುತ್ತು ಕೂಡ ನೋಡದೆ ಸಹಿ ಹಾಕಿದ್ದೆ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ದೋಷ ಕಂಡ ದಿನವೇ ಡೀಲರರ ಬಳಿ ಹೋದಾಗ ಅಲ್ಲಿಯವರು ವಾದ ಮಾಡಲಿಲ್ಲ, ಮುಖ ಸಿಂಡರಿಸಲಿಲ್ಲ. “ಅರ್ಧ ಗಂಟೆ ಕೂತ್ಕೊಳ್ಳಿ, ಉಜ್ಜಿ ಬಫಿಂಗ್ ಹೊಡೆದರೆ ಗೊತ್ತೇ ಆಗಲ್ಲ” ಎಂದರು. ಜಗಳವಿಲ್ಲದೆ ಕೆಲಸ ಮುಗಿಯಿತಲ್ಲ ಎಂಬ ಸಮಾಧಾನದಲ್ಲಿ ಫೋಟೊ ತೆಗೆಯಲಿಲ್ಲ, ಮಾಡುವ ಕೆಲಸವನ್ನು ದಾಖಲಿಸುವ ಜಾಬ್ ಕಾರ್ಡಿನಲ್ಲಿ ದೋಷವನ್ನು ಬರೆಸಲೂ ಇಲ್ಲ.

ಕ್ಲಿಯರ್ ಕೋಟಿನ ದಪ್ಪ ಸಾಮಾನ್ಯವಾಗಿ 40–50 ಮೈಕ್ರಾನ್ ಇರುತ್ತದೆ, ಅಂದರೆ ತಲೆಗೂದಲಿಗಿಂತಲೂ ತೆಳು. ಟ್ಯಾಂಕಿನ ಏಣುಗಳಲ್ಲಿ ಅದು ಇನ್ನೂ ತೆಳುವಾಗಿರುತ್ತದೆ, ಏಕೆಂದರೆ ಹಸಿ ಬಣ್ಣ ಏಣಿನಿಂದ ಹಿಂದೆ ಸರಿಯುವ ಸ್ವಭಾವದ್ದು. ಕುಳಿಯ ತಳ ಎಷ್ಟೋ ಸಲ ಅದರಡಿಯ ಬಣ್ಣದ ಪದರವಾದ ಬೇಸ್ ಕೋಟಿನವರೆಗೂ ಇಳಿದಿರುವುದರಿಂದ, ಅದನ್ನು ಸುತ್ತಲಿನ ಮಟ್ಟಕ್ಕೆ ತರಲು ಉಜ್ಜುತ್ತಾ ಹೋದರೆ ಕ್ಲಿಯರ್ ಕೋಟೇ ಮುಗಿದುಹೋಗುತ್ತದೆ. ಧೂಳಿನ ಕಣ ಕೂತು ಮೇಲೆದ್ದ ಉಬ್ಬಾಗಿದ್ದರೆ ಸ್ವಲ್ಪ ಉಜ್ಜಿ ಸರಿಪಡಿಸಬಹುದು. ತಗ್ಗಿಗೆ ಉಜ್ಜುವುದು ಪರಿಹಾರವಲ್ಲ. ಇದನ್ನು ನಾನು ಕಲಿತದ್ದು ಬಫಿಂಗ್ ಯಂತ್ರ ನಿಂತಾಗ. ಬಿಳಿಯ ಫೋಮ್ ಪ್ಯಾಡಿನ ಒಂದು ಬದಿಗೆ ಬೈಕಿನ ನೀಲಿ ಬಣ್ಣ ಹತ್ತಿತ್ತು. ಕ್ಲಿಯರ್ ಕೋಟಿಗೆ ಬಣ್ಣವಿಲ್ಲ. ಪ್ಯಾಡಿಗೆ ನೀಲಿ ಬಂತೆಂದರೆ ಯಂತ್ರ ಅದನ್ನು ದಾಟಿ ಕೆಳಗಿಳಿದಿದೆ ಎಂದೇ ಅರ್ಥ. ಟ್ಯಾಂಕಿನ ಏಣಿನ ಮೇಲೆ ಹೆಬ್ಬೆರಳಿನುದ್ದದ ಮಂಕು ಪಟ್ಟೆಯೊಂದು ಮೂಡಿತ್ತು. ಕುಳಿಗಳ ಅಂಚು ಸವೆದು, ಅವು ಏನೆಂದು ಹೇಳಲಾಗದ ಕಲೆಗಳಾಗಿದ್ದವು.

ಟ್ಯಾಂಕ್ ಬದಲಿಸಿಕೊಡಿ ಎಂದು ತಯಾರಕರಿಗೆ ಬರೆದೆ. ಆರು ವಾರಗಳ ಓಡಾಟದ ನಂತರ ಬಂದ ಉತ್ತರ ಎರಡೇ ಸಾಲಿನದು: ಮೇಲ್ಮೈಯನ್ನು ಉಜ್ಜಿರುವುದರಿಂದ ಮೂಲ ದೋಷವನ್ನು ಖಚಿತಪಡಿಸಲಾಗದು, ಸ್ವೀಕೃತಿ ಪತ್ರದಲ್ಲಿ ಯಾವ ದೋಷದ ಉಲ್ಲೇಖವೂ ಇಲ್ಲ. ಉಜ್ಜಿದವರು ಅವರದೇ ಡೀಲರರಲ್ಲವೇ ಎಂಬ ನನ್ನ ಪ್ರಶ್ನೆಗೆ, ಆ ಕೆಲಸದ ದಾಖಲೆ ಎಲ್ಲಿದೆ ಎಂದು ಮರುಪ್ರಶ್ನೆ ಬಂತು. ಇರಲಿಲ್ಲ. ಕೊನೆಗೆ ಅರ್ಧ ಖರ್ಚು ನನ್ನದೆಂಬ ಷರತ್ತಿನ ಮೇಲೆ ಟ್ಯಾಂಕಿಗೆ ಮರುಬಣ್ಣ ಹಾಕಿಕೊಡಲು ಡೀಲರರು ಒಪ್ಪಿದರು.

ಮರುಬಣ್ಣ ಕಳಪೆಯೇ ಆಗಬೇಕೆಂದಿಲ್ಲ, ಆದರೆ ಮೆಟಾಲಿಕ್ ಬಣ್ಣದಲ್ಲಿ ಹೊಂದಾಣಿಕೆ ಕಷ್ಟ. ಅದರೊಳಗಿನ ಅಲ್ಯೂಮಿನಿಯಂ ಚಕ್ಕೆಗಳು ಹೇಗೆ ಮಲಗುತ್ತವೆ ಎಂಬುದು ಸ್ಪ್ರೇ ಗನ್ನಿನ ಒತ್ತಡ, ಅದನ್ನು ಹಿಡಿದ ದೂರ, ಬಣ್ಣದ ಹಸಿತನ ಇವೆಲ್ಲವನ್ನೂ ಅವಲಂಬಿಸಿರುವುದರಿಂದ, ಅದೇ ಸಂಖ್ಯೆಯ ಬಣ್ಣವೂ ಬೇರೆ ಕೈಯಲ್ಲಿ ಬೇರೆಯಾಗಿ ಕಾಣುತ್ತದೆ. ನನ್ನ ಬೈಕನ್ನು ಎದುರಿನಿಂದ ನೋಡಿದರೆ ಎಲ್ಲವೂ ಒಂದೇ ನೀಲಿ. ಪಕ್ಕದಿಂದ ನೋಡಿದರೆ ಟ್ಯಾಂಕು ಸೈಡ್ ಪ್ಯಾನೆಲ್ಲಿಗಿಂತ ಒಂದು ಛಾಯೆ ಗಾಢ.

ಆದ್ದರಿಂದ ಬೈಕನ್ನು ಹಗಲಿನಲ್ಲಿ, ಒಣಗಿದ ಮೇಲೆಯೇ ನೋಡಿ. ಟಾರ್ಚನ್ನು ನೇರವಾಗಿ ಹಿಡಿಯದೆ ಮೇಲ್ಮೈಗೆ ಓರೆಯಾಗಿ ಹಿಡಿದರೆ ಕುಳಿ, ಉಬ್ಬು, ಬಣ್ಣ ಇಳಿದ ಗುರುತು ಎಲ್ಲವೂ ನೆರಳು ಬೀಳಿಸಿ ತಾವಾಗಿಯೇ ಕಾಣುತ್ತವೆ. ಟ್ಯಾಂಕಿನ ಮುಚ್ಚಳದ ಸುತ್ತ, ಕೆಳ ಅಂಚು, ಸ್ಟಿಕ್ಕರಿನ ತುದಿಗಳು, ಫ್ರೇಮಿನ ವೆಲ್ಡಿಂಗ್ ಜಾಗಗಳನ್ನು ಬಿಡಬೇಡಿ. ಕಿತ್ತಳೆ ಸಿಪ್ಪೆಯಂತಹ ಲಘು ತರಿತರಿಗೆ ನಾನಂತೂ ತಕರಾರು ತೆಗೆಯುವುದಿಲ್ಲ, ಅದು ಬಹಳಷ್ಟು ಹೊಸ ವಾಹನಗಳಲ್ಲಿ ಇದ್ದೇ ಇರುತ್ತದೆ; ಆದರೆ ಉಗುರಿಗೆ ತಡೆಯುವ ಯಾವುದೇ ದೋಷವಾದರೂ ಸಹಿಗೆ ಮುನ್ನ ಅದೇ ಹಾಳೆಯಲ್ಲಿ ಬರೆದಿರಬೇಕು. ದೋಷದ ಪಕ್ಕ ನಾಣ್ಯವಿಟ್ಟು ಒಂದು ಫೋಟೊ, ಚಾಸಿ ಸಂಖ್ಯೆ ಕಾಣುವಂತೆ ಇನ್ನೊಂದು ತೆಗೆದು, ಫೋನಿನಲ್ಲಿ ಹೇಳಿ ಬಿಡದೆ ಅಂದೇ ಇಮೇಲ್ ಮಾಡಿ. ಅಲ್ಲಿಯವರೆಗೆ ಸೆರಾಮಿಕ್ ಕೋಟಿಂಗ್, ರಕ್ಷಣಾ ಫಿಲ್ಮ್ ಯಾವುದೂ ಬೇಡ. ಮ್ಯಾಟ್ ಬಣ್ಣದ ಬೈಕಾದರೆ ಪಾಲಿಶ್ ಎಂಬ ಮಾತನ್ನೇ ತಳ್ಳಿಹಾಕಿ, ಉಜ್ಜಿದಷ್ಟು ಜಾಗ ಮಿರುಗುತ್ತಾ ಉಳಿದುಬಿಡುತ್ತದೆ.

ಮರುಬಣ್ಣದ ಟ್ಯಾಂಕನ್ನು ಮರಳಿ ಪಡೆಯುವಾಗ, ಬಣ್ಣ ಸುಲಿದರೆ ಅಥವಾ ಗುಳ್ಳೆ ಎದ್ದರೆ ಒಂದು ವರ್ಷದೊಳಗೆ ಉಚಿತವಾಗಿ ಸರಿಪಡಿಸಿಕೊಡುವುದಾಗಿ ಬರೆದುಕೊಡುವಂತೆ ಕೇಳಿದೆ. ಆರು ತಿಂಗಳಿಗೆ ಒಪ್ಪಿ, ಸೀಲು ಹಾಕಿ ಕೊಟ್ಟಿದ್ದಾರೆ.