ಬ್ಯಾಕಪ್ ನಂತರ ಪರ್ಮಿಷನ್: ಹಳೆಯದನ್ನೇ ತರುವುದೋ, ಹೊಸದಾಗಿ ಕೊಡುವುದೋ?

ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಆಫೀಸೊಂದರ ವಿಂಡೋಸ್ ಸರ್ವರ್ ಕೈಕೊಟ್ಟು, ಹೊಸದಾಗಿ ಇನ್‌ಸ್ಟಾಲ್ ಮಾಡಿ, ಫೈಲುಗಳನ್ನು ವಾಪಸ್ ತಂದಿರಿ ಅನ್ನಿ.

ಹಳೆಯ ಪರ್ಮಿಷನ್ನೇ (ಯಾರು ಯಾವ ಫೈಲು ತೆರೆಯಬಹುದೆಂಬ ಅನುಮತಿ) ಬೇಕೆಂದರೆ, ವಿಂಡೋಸಿನ ಕಾಪಿ ಕಮಾಂಡ್ ರೋಬೋಕಾಪಿಯ 'ಕಾಪಿಆಲ್' ಆಯ್ಕೆ ಅದರ ಜೊತೆಗೆ ಫೈಲಿನ ಮಾಲೀಕತ್ವವನ್ನೂ ತರುತ್ತದೆ. ಪರ್ಮಿಷನ್ ಉಳಿಸಿಡುವ ಕಮಾಂಡ್ ಐಕ್ಯಾಕಲ್ಸ್‌ನ 'ಸೇವ್' ಮಾಲೀಕತ್ವವನ್ನು ಬಿಟ್ಟುಬಿಡುತ್ತದೆ. ಡೊಮೇನ್ (ಎಲ್ಲರ ಯೂಸರ್ ಅಕೌಂಟನ್ನು ಒಂದೇ ಕಡೆ ಇಟ್ಟುಕೊಳ್ಳುವ ವ್ಯವಸ್ಥೆ) ಇಲ್ಲದ ಕಡೆ ಎರಡೂ ಹೆಚ್ಚೇನು ಉಪಯೋಗಕ್ಕೆ ಬರುವುದಿಲ್ಲ. ವಿಂಡೋಸ್ ನೋಡುವುದು ಹೆಸರನ್ನಲ್ಲ, ಪ್ರತಿ ಅಕೌಂಟಿಗೂ ಕೊಡುವ ಬೇರೆಯದೇ ಗುರುತಿನ ನಂಬರಾದ ಎಸ್‌ಐಡಿಯನ್ನು. ಅದೇ 'ಅಕೌಂಟ್ಸ್' ಹೆಸರಿನ ಯೂಸರ್ ಮತ್ತೆ ಮಾಡಿದರೂ ಸೆಕ್ಯುರಿಟಿ ಟ್ಯಾಬಿನಲ್ಲಿ 'ಎಸ್-1-5-21' ಎಂದು ಶುರುವಾಗುವ ಉದ್ದನೆಯ ನಂಬರೇ ಕೂತಿರುತ್ತದೆ, ಫೈಲು ತೆರೆಯದು.

ಹತ್ತು ಜನರ ಆಫೀಸಿಗೆ ಹೊಸದಾಗಿ ಗ್ರೂಪ್ ಮಾಡಿ, ಮೇಲಿನ ಫೋಲ್ಡರಿಗೆ ಮಾತ್ರ ಪರ್ಮಿಷನ್ ಕೊಟ್ಟು ಒಳಗಿನವಕ್ಕೆ ಇಳಿಯಬಿಡುವುದೇ ವಾಸಿ. ಡೊಮೇನ್ ಇದ್ದು ಆ ಅಕೌಂಟುಗಳನ್ನು ಇಟ್ಟುಕೊಂಡ ಸರ್ವರ್, ಅಂದರೆ ಡೊಮೇನ್ ಕಂಟ್ರೋಲರೇ ಹೋಗಿದ್ದರೆ ಮೊದಲು ಸಿಸ್ಟಮ್ ಸ್ಟೇಟ್ (ಅಕೌಂಟು, ಸೆಟ್ಟಿಂಗುಗಳ ಬ್ಯಾಕಪ್) ವಾಪಸ್ ತನ್ನಿ, ಆಮೇಲೆ ಫೈಲು. ಆಗ ಹಳೆಯದೇ ಗೆಲ್ಲುತ್ತದೆ. ಬ್ಯಾಕಪ್ಪನ್ನು ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನ ಪೆನ್‌ಡ್ರೈವಿಗೆ ಬರೀ ಕಾಪಿ ಹೊಡೆದಿದ್ದರೆ ಪರ್ಮಿಷನ್ ಅಲ್ಲೇ ಉದುರಿರುತ್ತದೆ, ಹುಡುಕಬೇಡಿ. ನೆಟ್‌ವರ್ಕಿನಲ್ಲಿ ಹಂಚಿದ ಫೋಲ್ಡರಿನ ಶೇರ್ ಪರ್ಮಿಷನ್ ಇರುವುದು ವಿಂಡೋಸಿನ ಸೆಟ್ಟಿಂಗುಗಳ ಭಂಡಾರವಾದ ರಿಜಿಸ್ಟ್ರಿಯಲ್ಲಿ, ಫೈಲಿನ ಬೆನ್ನಿಗೆ ಅದು ಬರುವುದಿಲ್ಲ.