ಚರ್ಮದ ಪಾಠ: ಕಾರ್ಡು, ಕನ್ನಡ ಪುಸ್ತಕ, ಪದ ಒಡೆಯುವುದು

ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ನರ್ಸಿಂಗ್ ಸೇರಿದವಳು ನಾನು. ಮೊದಲ ವರ್ಷದ ಅನಾಟಮಿ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ‘ಸ್ಟ್ರಾಟಿಫೈಡ್ ಸ್ಕ್ವೇಮಸ್ ಎಪಿಥೀಲಿಯಂ’ ಅಂತ ಕಂಡಿದ್ದೇ ತಡ, ತಲೆ ಗಿರ್ರೆಂದಿತು. ಮೂರು ಥರ ಕಲಿತು ನೋಡಿದೆ.

ಮೊದಲು ಫೋನಿನಲ್ಲಿ ಆಂಕಿ ಕಾರ್ಡು, ಅಂದರೆ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ ತೋರಿಸುವ ಆ್ಯಪ್. ಬಸ್ಸಿನಲ್ಲಿ ನಿಂತುಕೊಂಡೇ ಓದಬಹುದು, ಅದೊಂದು ಅನುಕೂಲ. ಆದರೆ ಕಾರ್ಡು ಕೇಳಿದ ಹಾಗೇ ಕೇಳಿದರೆ ಮಾತ್ರ ಉತ್ತರ ಬರುತ್ತಿತ್ತು. ವೈವಾದಲ್ಲಿ, ಅಂದರೆ ಬಾಯಿಮಾತಿನ ಪರೀಕ್ಷೆಯಲ್ಲಿ, ಮೇಡಂ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿದರೆ ಬಾಯಿ ಕಟ್ಟುತ್ತಿತ್ತು.

ಆಮೇಲೆ ತಮ್ಮನ ಒಂಬತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕ ತೆಗೆದೆ. ಅನುಲೇಪಕ, ಸಂಯೋಜಕ, ಸ್ನಾಯು, ನರ: ನಾಲ್ಕು ಅಂಗಾಂಶ. ಲೇಪ ಅಂದರೆ ಬಳಿದದ್ದು. ಅಂಗಗಳ ಹೊರಮೈಗೂ ಒಳಗಿನ ನಳಿಕೆಗಳಿಗೂ ಬಳಿದಂತಿರುವುದೇ ಎಪಿಥೀಲಿಯಂ ಅಂತ ಒಂದೇ ಪದದಲ್ಲಿ ಗೊತ್ತಾಯಿತು. ಟೆಂಡನ್, ಲಿಗಮೆಂಟ್ ಯಾವುದು ಯಾವುದೆಂದು ಸದಾ ಅದಲುಬದಲು ಮಾಡುತ್ತಿದ್ದೆ. ಟೆಂಡನ್ ಅಂದರೆ ಸ್ನಾಯುರಜ್ಜು, ಸ್ನಾಯುವನ್ನು ಮೂಳೆಗೆ ಕಟ್ಟುತ್ತದೆ; ಲಿಗಮೆಂಟ್ ಅಂದರೆ ಅಸ್ಥಿರಜ್ಜು, ಮೂಳೆಯನ್ನು ಮೂಳೆಗೆ. ಮುಗಿಯಿತು, ಮತ್ತೆ ತಪ್ಪಲಿಲ್ಲ. ಅರ್ಥವಾಗುವುದಕ್ಕೆ ಇದನ್ನು ಮೀರಿಸಿದ್ದಿಲ್ಲ. ಕಷ್ಟ ಏನೆಂದರೆ, ವಾರ್ಡಿನಲ್ಲಿ ಯಾರೂ ‘ಅನುಲೇಪಕ’ ಅನ್ನುವುದಿಲ್ಲ.

ಮೂರನೆಯದು ಪದ ಒಡೆದು, ಪಕ್ಕದಲ್ಲೇ ಚಿತ್ರ ಬರೆಯುವುದು. ನನಗೆ ಒಗ್ಗಿದ್ದು ಇದು. ಎಪಿ ಅಂದರೆ ಮೇಲೆ, ಹೈಪೋ ಅಂದರೆ ಕೆಳಗೆ, ನಡುವೆ ಡರ್ಮಿಸ್. ‘ಡರ್ಮ’ಕ್ಕೆ ‘ಚರ್ಮ’ ಪ್ರಾಸ ಬೇರೆ! ಸ್ಕ್ವಾಮ ಅಂದರೆ ಮೀನಿನ ಹುರುಪೆ, ಹಾಗಾಗಿ ಸ್ಕ್ವೇಮಸ್ ಕೋಶ ಚಪ್ಪಟೆ. ಕ್ಷಯದ ಲಸಿಕೆ ಬಿಸಿಜಿ ಇಂಟ್ರಾಡರ್ಮಲ್, ಅಂದರೆ ಚರ್ಮದೊಳಗೇ. ಇನ್ಸುಲಿನ್ ಸಬ್‌ಕ್ಯೂಟೇನಿಯಸ್, ಅಂದರೆ ಚರ್ಮದ ಕೆಳಗಿನ ಕೊಬ್ಬಿಗೆ. ಸೂಜಿ ಎಷ್ಟು ಓರೆ ಹಿಡಿಯಬೇಕೆಂಬುದೂ ಆ ಚಿತ್ರದಿಂದಲೇ ತಲೆಗೆ ಹೋಯಿತು.

ಎಪಿಡರ್ಮಿಸ್‌ನ, ಅಂದರೆ ಚರ್ಮದ ಮೇಲ್ಭಾಗದ, ಐದು ಪದರಗಳು ಮಾತ್ರ ಸತಾಯಿಸಿದವು. ಹೊರಗಿನಿಂದ ಒಳಕ್ಕೆ ಕಾರ್ನಿಯಂ, ಲೂಸಿಡಂ, ಗ್ರಾನ್ಯುಲೋಸಂ, ಸ್ಪೈನೋಸಂ, ಬೇಸೇಲ್. ಗೈಡಿನಲ್ಲಿದ್ದ ಇಂಗ್ಲಿಷ್ ಸೂತ್ರವನ್ನೇ ಮರೆಯುತ್ತಿದ್ದೆ. ಒಂದು ದಿನ ಮೊದಲಕ್ಷರ ಜೋಡಿಸುತ್ತಾ ಕೂತಾಗ ಕಾ-ಲು-ಗ್ರಾ-ಸ್-ಬೇ ಬಂತು: ‘ಕಾಲು, ಗ್ರಾಸ್ ಬೇಕು’. ರೂಮಿನವರೆಲ್ಲ ನಕ್ಕರು. ನಗಲಿ, ಲೂಸಿಡಂ ಇರುವುದೇ ದಪ್ಪ ಚರ್ಮದಲ್ಲಿ, ಅಂದರೆ ಅಂಗಾಲು ಮತ್ತು ಅಂಗೈಯಲ್ಲಿ. ಸೂತ್ರದಲ್ಲಿ ಕಾಲು ಸಿಕ್ಕಿದ್ದು ನನ್ನ ಅದೃಷ್ಟ.

ಅದೇ ವಾರ ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ಒಡೆದಾಗ ಬರೀ ನೀರು, ರಕ್ತ ಒಂದು ಹನಿಯೂ ಇಲ್ಲ. ಎಪಿಡರ್ಮಿಸ್‌ನಲ್ಲಿ ರಕ್ತನಾಳಗಳಿಲ್ಲ ಅನ್ನುವ ಸಾಲನ್ನು ಆಮೇಲೆ ಬಾಯಿಪಾಠ ಮಾಡಬೇಕಾಗಲಿಲ್ಲ.

ಕಾರ್ಡುಗಳನ್ನು ಇನ್ನೂ ಅಳಿಸಿಲ್ಲ. ಸ್ಪೆಲ್ಲಿಂಗ್‌ಗೆ ಅವೇ ಗತಿ. ‘ಸ್ಕ್ವೇಮಸ್’ ಬರೆಯುವಾಗ ಇವತ್ತಿಗೂ ಒಮ್ಮೆ ಕೈ ತಡೆಯುತ್ತದೆ.